ಸ್ಪೀಡ್ ಟೆಸ್ಟ್ ಲೆಕ್ಕ ತಾಳೆಯೇ ಆಗುತ್ತಿಲ್ಲ: ಒಮ್ಮೆ 280, ಒಮ್ಮೆ 38, ಕೇಬಲ್ ಹಾಕಿದರೆ 94

ಲೆಕ್ಕದಪುಸ್ತಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ನೆಟ್‌ವರ್ಕ್ ಗೊತ್ತಿರುವವನಲ್ಲ. ಮೂವತ್ತು ವರ್ಷ ಲೆಕ್ಕಪತ್ರ ಬರೆದು ನಿವೃತ್ತನಾದವನು. ಎರಡು ಕಡೆಯ ಮೊತ್ತ ತಾಳೆಯಾಗದಿದ್ದರೆ ಈಗಲೂ ನನಗೆ ನಿದ್ದೆ ಬರುವುದಿಲ್ಲ. ಈಗ ಹತ್ತು ದಿನದಿಂದ ಮನೆಯ ಇಂಟರ್ನೆಟ್ ನಿದ್ದೆ ಕೆಡಿಸಿದೆ.

ನಮ್ಮ ಪ್ಲಾನ್ 300 ಎಂಬಿಪಿಎಸ್, ಅಪ್‌ಲೋಡ್ 30. ರೂಟರ್ ಹಾಲ್‌ನಲ್ಲಿದೆ, ಎರಡು ವರ್ಷ ಹಳೆಯದು. ರಾತ್ರಿ ಮೊಮ್ಮಗಳ ಜೊತೆ ವಿಡಿಯೋ ಕಾಲ್ ಮಾಡುವಾಗ ಅವಳ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತದೆ. ಅಲ್ಲಿಂದ ಶುರುವಾಯಿತು ಈ ಸ್ಪೀಡ್ ಟೆಸ್ಟ್ ಹುಚ್ಚು. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಡುತ್ತಿದ್ದೇನೆ. ಕೆಲವು ಸಾಲು ನೋಡಿ:

ಬೆಳಿಗ್ಗೆ 7:10, ಫೋನ್, ಹಾಲ್‌ನ ಕುರ್ಚಿ: 38
ಬೆಳಿಗ್ಗೆ 11:30, ಫೋನ್, ಅದೇ ಕುರ್ಚಿ: 276
ಮಧ್ಯಾಹ್ನ 3:00, ಫೋನ್, ಅದೇ ಕುರ್ಚಿ: 281
ಸಂಜೆ 5:40, ಫೋನ್, ಅದೇ ಕುರ್ಚಿ: 41
ಸಂಜೆ 5:50, ಲ್ಯಾಪ್‌ಟಾಪ್, ಕೇಬಲ್: 94.1
ಮಾರನೇ ದಿನ, ಲ್ಯಾಪ್‌ಟಾಪ್, ಕೇಬಲ್: 93.8
ರಾತ್ರಿ 9:15, ಲ್ಯಾಪ್‌ಟಾಪ್, ಕೇಬಲ್: 52

ಅದೇ ಕುರ್ಚಿ, ಅದೇ ಫೋನ್, ಅದೇ ಆ್ಯಪ್. 38 ಎಲ್ಲಿ, 281 ಎಲ್ಲಿ? ಇನ್ನೂ ವಿಚಿತ್ರ ಎಂದರೆ ಕೇಬಲ್. ವೈಫೈಗಿಂತ ಕೇಬಲ್ ಮೇಲು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮನೆಯಲ್ಲಿ ಕೇಬಲ್ ಹಾಕಿದರೆ 94ಕ್ಕೆ ಗೂಟ ಹೊಡೆದಂತೆ ನಿಲ್ಲುತ್ತದೆ. ಕಂಪನಿಗೆ ಫೋನ್ ಮಾಡಿದರೆ "ರೀಸ್ಟಾರ್ಟ್ ಮಾಡಿ ಸರ್" ಎಂದರು. ಮಾಡಿದೆ. ನಾಲ್ಕು ಸಲ ಮಾಡಿದೆ. ನಮ್ಮ ಮನೆಯವಳು "ಸಿನಿಮಾ ಓಡ್ತಾ ಇದೆಯಲ್ಲ, ಸುಮ್ನೆ ಇರಿ" ಅನ್ನುತ್ತಾಳೆ. ಸುಮ್ಮನಿರಲು ಆಗುತ್ತಿಲ್ಲ. ಯಾವ ಅಂಕಿ ನಂಬಲಿ?

ಗಾಳಿಮಾತು

ಸರ್, ಡಿಎನ್‌ಎಸ್ ಬದಲಿಸಿ ನೋಡಿ. 8.8.8.8 ಹಾಕಿ. ನನಗೆ ಸರಿ ಹೋಯಿತು. ಆಗದಿದ್ದರೆ ಹೊಸ ರೂಟರ್ ತಗೊಳ್ಳಿ, ಎರಡು ವರ್ಷ ಆಯ್ತಲ್ಲ.

ತಾಮ್ರದತಂತಿ

ಡಿಎನ್‌ಎಸ್‌ಗೂ ಇದಕ್ಕೂ ಸಂಬಂಧವಿಲ್ಲ. ಡಿಎನ್‌ಎಸ್ ಎಂದರೆ ವಿಳಾಸ ಹುಡುಕಿಕೊಡುವ ಪುಸ್ತಕ. ವಿಳಾಸ ಸಿಕ್ಕ ಮೇಲೆ ಸರಕು ಎಷ್ಟು ಬೇಗ ಬರುತ್ತದೆ ಎನ್ನುವುದು ಬೇರೆ ವಿಷಯ. ರೂಟರ್ ಕೂಡ ಈಗಲೇ ತಗೊಳ್ಳಬೇಡಿ.

ಲೆಕ್ಕದವರೇ, ನಿಮ್ಮ ನೋಟ್‌ಬುಕ್ಕಿನಲ್ಲಿ ಅತ್ಯಂತ ಪ್ರಾಮಾಣಿಕ ಸಾಲು ಆ 94. ಅದು ಇಂಟರ್ನೆಟ್ಟಿನ ವೇಗವೇ ಅಲ್ಲ. ನಿಮ್ಮ ಲ್ಯಾಪ್‌ಟಾಪಿಗೂ ರೂಟರಿಗೂ ನಡುವೆ 100 ಎಂಬಿಪಿಎಸ್ ಲಿಂಕ್ ಕೂತಿದೆ ಎನ್ನುವುದರ ಗುರುತು ಅದು.

ನೀವು ಲೆಕ್ಕದವರು, ಆದ್ದರಿಂದ ಲೆಕ್ಕ ಕೊಡುತ್ತೇನೆ. ಕೇಬಲ್ ಮೇಲೆ ಡೇಟಾ ಪೊಟ್ಟಣಗಳಾಗಿ (ಪ್ಯಾಕೆಟ್) ಹೋಗುತ್ತದೆ, ತುಂಬಿದ ಒಂದೊಂದು ಪೊಟ್ಟಣವೂ ಒಟ್ಟು 1538 ಬೈಟ್ ಜಾಗ ಹಿಡಿಯುತ್ತದೆ. ಅದರಲ್ಲಿ ವಿಳಾಸ, ಸುತ್ತುಕಾಗದ, ಎರಡು ಪೊಟ್ಟಣದ ನಡುವಿನ ಬಿಡುವು ಎಲ್ಲ ಕಳೆದರೆ ನಿಮಗೆ ಸೇರುವ ಸರಕು ಸಾಮಾನ್ಯವಾಗಿ 1448 ಬೈಟ್. 1448ನ್ನು 1538ರಿಂದ ಭಾಗಿಸಿ, 100ರಿಂದ ಗುಣಿಸಿ. 94.1 ಬರುತ್ತದೆ. ನಿಮ್ಮ ನೋಟ್‌ಬುಕ್ಕಿನಲ್ಲೂ ಅದೇ ಇದೆ ಅಲ್ವಾ? ಗಿಗಾಬಿಟ್ ಲಿಂಕ್, ಅಂದರೆ 1000 ಎಂಬಿಪಿಎಸ್‌ನದು ಇದ್ದರೆ ಇದೇ ಲೆಕ್ಕದಲ್ಲಿ ಗರಿಷ್ಠ 941ರವರೆಗೆ ಹೋಗಬಹುದು, ಆಗ ನಿಮ್ಮ 300 ಆರಾಮಾಗಿ ಹಿಡಿಸುತ್ತದೆ.

ಈಗ ಯಾಕೆ 100ಕ್ಕೆ ಇಳಿದಿದೆ ಎನ್ನುವುದು ಪ್ರಶ್ನೆ. ಕೇಬಲ್ ಒಳಗೆ ನಾಲ್ಕು ಜೋಡಿ ತಂತಿ ಇರುತ್ತವೆ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು: ಕಿತ್ತಳೆ ಮತ್ತು ಹಸಿರು. ಗಿಗಾಬಿಟ್‌ಗೆ ನೀಲಿ, ಕಂದು ಸೇರಿ ನಾಲ್ಕೂ ಬೇಕು. ನೀಲಿಯಲ್ಲೋ ಕಂದಿನಲ್ಲೋ ಒಂದೇ ಒಂದು ಎಳೆ ತುಂಡಾದರೂ ಬಹಳಷ್ಟು ಸಾಧನಗಳು ದೂರು ಹೇಳುವುದಿಲ್ಲ, ಸುಮ್ನೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ದೀಪ ಉರಿಯುತ್ತಿರುತ್ತದೆ, ನೆಟ್ ಬರುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಲ್ಯಾಪ್‌ಟಾಪ್ ಸೆಟ್ಟಿಂಗ್ಸ್‌ನಲ್ಲಿ ಎತರ್ನೆಟ್ ಒಳಗೆ ಹೋಗಿ "ಲಿಂಕ್ ಸ್ಪೀಡ್" ನೋಡಿ. 100 ಎಂದಿದ್ದರೆ ಮೊದಲು ಕೇಬಲ್ ಬದಲಿಸಿ. ಆಮೇಲೂ 100 ಇದ್ದರೆ ರೂಟರ್‌ನ ಬೇರೆ ಪೋರ್ಟಿಗೆ ಚುಚ್ಚಿ. ಕೆಲವು ರೂಟರ್‌ಗಳಲ್ಲಿ ಪೋರ್ಟ್‌ಗಳೇ 100ರವು, ಆಗ ಏನೂ ಮಾಡಲು ಬರುವುದಿಲ್ಲ. ಲ್ಯಾಪ್‌ಟಾಪಿಗೆ ಯುಎಸ್‌ಬಿ ಅಡಾಪ್ಟರ್ ಹಾಕಿ ಕೇಬಲ್ ಚುಚ್ಚುತ್ತಿದ್ದರೆ ಅದನ್ನೂ ಅನುಮಾನಿಸಿ.

ಐದನೇಗೋಡೆ

ಕೇಬಲ್ ವಿಷಯ ತಾಮ್ರದತಂತಿ ಹೇಳಿದ್ದಾರೆ. ನಾನು ಕುರ್ಚಿ ವಿಷಯಕ್ಕೆ ಬರುತ್ತೇನೆ.

ಸರ್, ಒಂದು ಪ್ರಶ್ನೆ. 38 ಬಂದಾಗ ಆ ಕುರ್ಚಿಗೆ ಎಲ್ಲಿಂದ ಬಂದು ಕೂತಿದ್ದಿರಿ?

ತಮಾಷೆ ಅಲ್ಲ. ನಿಮ್ಮ ರೂಟರ್‌ನಲ್ಲಿ ಎರಡು ಬ್ಯಾಂಡ್, ಅಂದರೆ ರೇಡಿಯೋ ಅಲೆಯ ಎರಡು ದಾರಿ ಇರುತ್ತವೆ, 2.4 ಗಿಗಾಹರ್ಟ್ಜ್ ಮತ್ತು 5 ಗಿಗಾಹರ್ಟ್ಜ್. ಈಗಿನ ಹೆಚ್ಚಿನ ರೂಟರ್‌ಗಳು ಎರಡಕ್ಕೂ ಒಂದೇ ಹೆಸರು ಇಟ್ಟಿರುತ್ತವೆ, ಯಾವುದಕ್ಕೆ ಸೇರಬೇಕು ಎನ್ನುವುದು ಫೋನ್ ತೀರ್ಮಾನ. 5 ವೇಗದ್ದು, ಆದರೆ ಗೋಡೆ ದಾಟಲು ಕಷ್ಟಪಡುತ್ತದೆ. 2.4 ದೂರ ಹೋಗುತ್ತದೆ, ಆದರೆ ನಿಧಾನ, ಮತ್ತು ಅಲ್ಲಿ ಜನಜಂಗುಳಿ ಜಾಸ್ತಿ. ಅಕ್ಕಪಕ್ಕದವರ ರೂಟರ್, ಬ್ಲೂಟೂತ್, ಮೈಕ್ರೋವೇವ್ ಓವನ್, ಎಲ್ಲ ಅದೇ ಬೀದಿಯಲ್ಲೇ. ಇಡೀ 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಸಿಗುವುದು ಮೂರೇ: 1, 6, 11.

ನೀವು ದೂರ ಹೋದಾಗ ಫೋನ್ 5ನ್ನು ಬಿಟ್ಟು 2.4 ಹಿಡಿಯುತ್ತದೆ. ವಾಪಸ್ ಬಂದು ರೂಟರ್ ಪಕ್ಕದಲ್ಲೇ ಕೂತರೂ ಅದು ತಕ್ಷಣ 5ಕ್ಕೆ ಮರಳುವುದಿಲ್ಲ. ಸಿಗ್ನಲ್ ಚೆನ್ನಾಗಿದೆಯಲ್ಲ, ಯಾಕೆ ಬದಲಿಸಲಿ ಎಂದು ಅಲ್ಲೇ ಅಂಟಿಕೊಂಡಿರುತ್ತದೆ. ಫೋನ್ ಪರದೆಯಲ್ಲಿ ವೈಫೈ ಗುರುತು ಎರಡರಲ್ಲೂ ತುಂಬಿಯೇ ಕಾಣುತ್ತದೆ. ಹಾಗಾಗಿ ಅದನ್ನು ನೋಡಿ ಏನೂ ಹೇಳಲಾಗದು.

ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಂ ಹಾಕಿ. ಫೋನಿನ ವೈಫೈ ವಿವರಕ್ಕೆ ಹೋದರೆ "ಫ್ರೀಕ್ವೆನ್ಸಿ" ಎಂದು ಇರುತ್ತದೆ. ಟೆಸ್ಟ್ ಒತ್ತುವ ಮೊದಲು ಅದನ್ನು ಬರೆದುಕೊಳ್ಳಿ. ಹಾಗೆಯೇ ಟೆಸ್ಟ್ ಆ್ಯಪ್‌ನಲ್ಲಿ ಸರ್ವರ್ ಒಂದನ್ನೇ ಆಯ್ದು ಇಟ್ಟುಕೊಳ್ಳಿ. ಅದರ ಪಾಡಿಗೆ ಬಿಟ್ಟರೆ ಒಂದು ಸಲ ಒಂದು ಸರ್ವರ್, ಮತ್ತೊಂದು ಸಲ ಮತ್ತೊಂದು. ತಕ್ಕಡಿ ಬದಲಿಸುತ್ತಾ ತೂಕ ಮಾಡಿದಂತೆ ಆಗುತ್ತದೆ.

ಲೆಕ್ಕದಪುಸ್ತಕ

ಮೂರು ದಿನ ಬಿಟ್ಟು ಬರುತ್ತಿದ್ದೇನೆ, ಕ್ಷಮಿಸಿ. ಕೈ ತುಂಬ ವರದಿ ಇದೆ.

ಮೊದಲು ಕೇಬಲ್. ಲಿಂಕ್ ಸ್ಪೀಡ್ ನೋಡಿದೆ, 100 ಎಂದೇ ಇತ್ತು. 1448 ಭಾಗಿಸು 1538, ಕ್ಯಾಲ್ಕ್ಯುಲೇಟರ್ ಇಲ್ಲದೆ ಕಾಗದದ ಮೇಲೆ ಮಾಡಿದೆ. ದಶಾಂಶದವರೆಗೆ ತಾಳೆಯಾಯಿತು. ಎಷ್ಟೋ ವರ್ಷದ ನಂತರ ಲೆಕ್ಕ ಹೊಂದಿದ ಖುಷಿ!

ಆ ಕೇಬಲ್ ಹಾಲ್‌ನಿಂದ ಬಾಗಿಲ ಸಂದಿಯಲ್ಲಿ ಹಾದು ನನ್ನ ಮೇಜಿಗೆ ಬರುತ್ತದೆ. ಕೈಯಲ್ಲಿ ಸವರುತ್ತಾ ಹೋದೆ. ಮೇಜಿನ ಹತ್ತಿರ ಒಂದು ಕಡೆ ಚಪ್ಪಟೆಯಾಗಿತ್ತು. ನನ್ನದೇ ಕುರ್ಚಿ. ಚಕ್ರದ ಕುರ್ಚಿ ಹಿಂದಕ್ಕೆ ತಳ್ಳಿದಾಗಲೆಲ್ಲ ಅದರ ಮೇಲೆಯೇ ಉರುಳಿದೆ. ಕುತೂಹಲಕ್ಕೆ ಬ್ಲೇಡಿನಿಂದ ಮೇಲಿನ ಸಿಪ್ಪೆ ಸೀಳಿ ನೋಡಿದೆ. ಕಿತ್ತಳೆ, ಹಸಿರು, ಕಂದು ಮೂರೂ ಸರಿ ಇದ್ದವು. ನೀಲಿ ತಂತಿಯ ಹೊದಿಕೆ ಹಾಗೇ ಇತ್ತು, ಆದರೆ ಮೆಲ್ಲಗೆ ಎಳೆದರೆ ಒಳಗಿನ ತಾಮ್ರ ತುಂಡಾಗಿ ಹೊದಿಕೆ ರಬ್ಬರಿನಂತೆ ಹಿಗ್ಗಿತು. ಹೊಸ ಕೇಬಲ್ ಹಾಕಿದೆ. 287, 284, 288.

ಇನ್ನು ಕುರ್ಚಿ. "ಎಲ್ಲಿಂದ ಬಂದು ಕೂತಿದ್ದಿರಿ" ಎಂದು ಕೇಳಿದವರಿಗೆ ಕೈ ಮುಗಿಯುತ್ತೇನೆ. ಬೆಳಿಗ್ಗೆ ಏಳು ಗಂಟೆಗೂ ಸಂಜೆ ಐದೂವರೆಗೂ ನಾನು ಹಿತ್ತಿಲಿನಲ್ಲಿ ಗಿಡಗಳಿಗೆ ನೀರು ಹಾಕುತ್ತೇನೆ. ಫೋನ್ ಜೇಬಿನಲ್ಲಿರುತ್ತದೆ. ಬಂದು ಕೂತು ಟೆಸ್ಟ್ ಒತ್ತುತ್ತೇನೆ. ಫ್ರೀಕ್ವೆನ್ಸಿ ನೋಡಿದರೆ 2.4. ಮಧ್ಯಾಹ್ನ ಮಲಗುವ ಕೋಣೆಯಿಂದ ಎದ್ದು ಬಂದರೆ 5. ಹತ್ತೊಂಬತ್ತು ಸಾಲು ಬರೆದೆ. 2.4 ಇದ್ದ ಸಾಲು ಒಂದೂ 50 ದಾಟಿಲ್ಲ. 5 ಇದ್ದದ್ದು ಹಾಲ್‌ನಲ್ಲಿ ಒಂದೂ 250ಕ್ಕಿಂತ ಕೆಳಗಿಲ್ಲ. ಒಳಕೋಣೆಯಲ್ಲಿ ಮಾತ್ರ 5ರಲ್ಲೂ 110ರ ಆಸುಪಾಸು, ನಡುವೆ ಎರಡು ಗೋಡೆ ಇವೆ. ನಾನು ಇಷ್ಟು ದಿನ ಕುರ್ಚಿಯ ವೇಗ ಅಳೆಯುತ್ತಿದ್ದೇನೆ ಎಂದುಕೊಂಡಿದ್ದೆ, ಅಳೆದದ್ದು ಹಿತ್ತಿಲನ್ನು.

ರೂಟರ್ ಸೆಟ್ಟಿಂಗ್‌ನಲ್ಲಿ ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರು ಕೊಟ್ಟು, ಫೋನಿಗೆ 5ನ್ನು ಮಾತ್ರ ಉಳಿಸಿದ್ದೇನೆ. ಹಿತ್ತಿಲಿನಲ್ಲಿ ಈಗ ವೈಫೈ ಸಿಗುವುದಿಲ್ಲ. ಗಿಡಕ್ಕೆ ನೀರು ಹಾಕುವಾಗ ಅದು ಬೇಡ ಕೂಡ.

ಉಳಿದದ್ದು ರಾತ್ರಿ ಒಂಬತ್ತು ಗಂಟೆ. ಹೊಸ ಕೇಬಲ್‌ನಲ್ಲೂ 9:20ಕ್ಕೆ 90, 9:35ಕ್ಕೆ 71. ಮೊಮ್ಮಗಳು ಈಗಲೂ ಕಲ್ಲಾಗುತ್ತಾಳೆ. ಇದು ಕಂಪನಿಯವರ ಕಡೆಯ ತೊಂದರೆಯೇ? ಎಲ್ಲರೂ ಆ ಹೊತ್ತಿಗೆ ಬಳಸುತ್ತಾರೆ, ಅದಕ್ಕೆ ಹೀಗೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ.

ರಾತ್ರಿಪಾಳಿ

ಆಗಿರಬಹುದು. ಫೈಬರ್ ಎಂದರೆ ನಿಮಗೊಬ್ಬರಿಗೇ ಎಳೆದ ದಾರಿ ಎಂದು ಅನೇಕರು ತಿಳಿದಿದ್ದಾರೆ. ಜಿಪಾನ್ ಎಂಬ ಫೈಬರ್ ಹಂಚಿಕೆಯ ಮಾದರಿಯಲ್ಲಿ ಒಂದು ಎಳೆಯನ್ನು 32 ಅಥವಾ 64 ಮನೆಗೆ ಹಂಚುವುದು ಸಾಮಾನ್ಯ, ಎಲ್ಲರಿಗೂ ಸೇರಿ ಇಳಿಕೆಗೆ ಸುಮಾರು 2.5 ಗಿಗಾಬಿಟ್. ಆದರೆ ಬೈಯುವ ಮೊದಲು ಒಂದು ಪರೀಕ್ಷೆ ಮಾಡಿ.

ಒಂಬತ್ತೂಕಾಲಿಗೆ ರೂಟರ್‌ನ ವೈಫೈ ಪೂರ್ತಿ ಆರಿಸಿ. ಟಿವಿ, ಫೋನ್, ಏನೂ ಇರಬಾರದು. ಲ್ಯಾಪ್‌ಟಾಪ್ ಒಂದೇ, ಕೇಬಲ್‌ನಲ್ಲಿ. ಆಗ ಟೆಸ್ಟ್ ಮಾಡಿ. ಆಗಲೂ 90 ಬಂದರೆ ತೊಂದರೆ ಮನೆಯ ಹೊರಗೆ. 280 ಬಂದರೆ ಕಳ್ಳ ಮನೆಯೊಳಗೇ ಇದ್ದಾನೆ. ಪಿಂಗ್ ಕೂಡ ಬರೆದುಕೊಳ್ಳಿ, ಅಂದರೆ ಒಂದು ಸಣ್ಣ ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು. ಟೆಸ್ಟ್ ಶುರುವಾಗುವ ಮೊದಲಿನ ಪಿಂಗ್ ಅಲ್ಲ, ಟೆಸ್ಟ್ ಓಡುವಾಗಿನ ಪಿಂಗ್.

ಲೆಕ್ಕದಪುಸ್ತಕ

ವೈಫೈ ಆರಿಸಿದೆ. ಮನೆಯಲ್ಲಿ ಸಣ್ಣ ಗಲಾಟೆ ಆಯಿತು, ಅದಿರಲಿ. 9:18ಕ್ಕೆ 284, ಪಿಂಗ್ 14. ವೈಫೈ ಹಾಕಿದೆ, 9:31ಕ್ಕೆ 77, ಪಿಂಗ್ 390. ಎರಡು ರಾತ್ರಿ ಹೀಗೇ.

ಅಂದರೆ ಕಳ್ಳ ಒಳಗಿದ್ದಾನೆ. ರೂಟರ್ ಪುಟದಲ್ಲಿ ಯಾವ ಸಾಧನ ಎಷ್ಟು ಬಳಸುತ್ತಿದೆ ಎಂಬ ಪಟ್ಟಿ ಸಿಕ್ಕಿತು. ಮೇಲಿನ ಸಾಲಿನಲ್ಲೇ ಇತ್ತು: ನಮ್ಮ ಮನೆಯವಳ ಫೋನ್. ಅಪ್‌ಲೋಡ್ 29. ಕೇಳಿದರೆ "ನಾನು ಮುಟ್ಟೇ ಇಲ್ಲ, ಚಾರ್ಜಿಗೆ ಹಾಕಿದ್ದೀನಿ" ಎಂದಳು. ನಿಜವಾಗಿಯೂ ಅದು ಗೋಡೆಯ ಪಕ್ಕ ಮೇಜಿನ ಮೇಲೆ ಮಲಗಿತ್ತು, ಪರದೆ ಕೂಡ ಕಪ್ಪು. ತೆರೆದು ನೋಡಿದರೆ ಫೋಟೋ ಬ್ಯಾಕಪ್. ವೈಫೈ ಇದ್ದು ಚಾರ್ಜ್ ಆಗುವಾಗ ಮಾತ್ರ ಕಳಿಸು ಎಂದು ಯಾರೋ ಸೆಟ್ ಮಾಡಿಕೊಟ್ಟಿದ್ದಾರೆ. ದಿನಾ ಒಂಬತ್ತಕ್ಕೆ ಚಾರ್ಜಿಗೆ ಹಾಕುವುದು ಅವಳ ಅಭ್ಯಾಸ. ಯಾವುದೋ ಸಮಾರಂಭದ ವಿಡಿಯೋಗಳು ನೂರಾರು ಇವೆ, ಇನ್ನೂ ಮುಗಿದಿಲ್ಲ.

ಆದರೆ ಇದು ನನಗೆ ತಿಳಿಯುತ್ತಿಲ್ಲ. ಅವಳು ಕಳಿಸುತ್ತಿರುವುದು ಮೇಲಕ್ಕೆ. ನಾನು ಇಳಿಸುತ್ತಿರುವುದು ಕೆಳಕ್ಕೆ. ಜಮೆ ಬೇರೆ, ಖರ್ಚು ಬೇರೆ ಖಾತೆ. ಇದರಿಂದ ಅದು ಹೇಗೆ ಕಡಿಮೆಯಾಗುತ್ತದೆ?

ರಾತ್ರಿಪಾಳಿ

ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಕೆಳಕ್ಕೆ ಬರುವ ಸರಕಿಗೆಲ್ಲ ನಿಮ್ಮ ಲ್ಯಾಪ್‌ಟಾಪ್ "ತಲುಪಿತು" ಎಂದು ರಸೀದಿ ಕಳಿಸುತ್ತಲೇ ಇರಬೇಕು. ರಸೀದಿ ಹೋಗುವುದು ಮೇಲಕ್ಕೆ. ರಸೀದಿ ಬಾರದೆ ಆ ಕಡೆಯವರು ಮುಂದಿನ ಸರಕು ಬಿಡುವುದಿಲ್ಲ. ಈಗ ಮೇಲಿನ ದಾರಿಯಲ್ಲಿ ಅಮ್ಮನವರ ವಿಡಿಯೋಗಳು ಸಾಲುಗಟ್ಟಿ ನಿಂತಿವೆ, ನಿಮ್ಮ ರಸೀದಿಗಳೂ ಅದೇ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಆ 390 ಎಂದರೆ ಸಾಲಿನಲ್ಲಿ ಕಾಯ್ದ ಹೊತ್ತು, ಮಿಲಿಸೆಕೆಂಡಿನಲ್ಲಿ. ಮೊಮ್ಮಗಳು ಕಲ್ಲಾಗುವುದೂ ಇದಕ್ಕೇ. ವಿಡಿಯೋ ಕಾಲ್‌ಗೆ ವೇಗ ಅಷ್ಟೇನೂ ಬೇಡ, ಹೊತ್ತಿಗೆ ಸರಿಯಾಗಿ ತಲುಪಬೇಕು ಅಷ್ಟೇ.

ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಸಾಧನದ ಒಳಗೆ ಸಾಲು ನಿಲ್ಲಿಸುವ ಜಾಗ ವಿಪರೀತ ದೊಡ್ಡದಿರುವುದೇ ಕಾಯಿಲೆ. ಜಿಮ್ ಗೆಟ್ಟಿಸ್ ಎಂಬ ಎಂಜಿನಿಯರ್ 2010ರಲ್ಲಿ ತಮ್ಮ ಮನೆಯ ನೆಟ್‌ನಲ್ಲೇ ಇದನ್ನು ಹಿಡಿದು, ಆ ಹೆಸರನ್ನು ಎಲ್ಲರ ಬಾಯಿಗೆ ತಂದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಸಾಲು ಉದ್ದವಾಗದಂತೆ ನೋಡಿಕೊಳ್ಳುವ ಕೋಡೆಲ್ ಎಂಬ ವಿಧಾನ ಪ್ರಕಟಿಸಿದರು. ಈಗ ಕೆಲವು ರೂಟರ್‌ಗಳಲ್ಲಿ "ಎಸ್‌ಕ್ಯೂಎಂ" ಅಥವಾ "ಸ್ಮಾರ್ಟ್ ಕ್ಯೂ" ಎಂಬ ಹೆಸರಲ್ಲಿ ಇದರ ಸಂತತಿಯೇ ಇರುತ್ತದೆ. ನಿಮ್ಮದರಲ್ಲಿದ್ದರೆ ಆನ್ ಮಾಡಿ, ಅಪ್‌ಲೋಡ್ ಮಿತಿ 27 ಎಂದು ಕೊಡಿ, 30 ಬೇಡ. ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಕೊಟ್ಟರೆ ಸಾಲು ನಿಮ್ಮ ರೂಟರ್‌ನಲ್ಲೇ ನಿಲ್ಲುತ್ತದೆ, ಅಲ್ಲಿ ರಸೀದಿಗಳನ್ನು ಮುಂದೆ ಬಿಡಬಹುದು.

ಐದನೇಗೋಡೆ

ಒಂದು ಎಚ್ಚರಿಕೆ ಸೇರಿಸುತ್ತೇನೆ. ನಾನು ಇದೇ ಸೆಟ್ಟಿಂಗ್ ಹಾಕಿ ಮೂರ್ಖನಾದೆ. ಡೌನ್‌ಲೋಡ್‌ಗೂ ಮಿತಿ ಹಾಕಿದಾಗ ವೇಗ ಅರ್ಧಕ್ಕೆ ಬಿತ್ತು. ಯಾಕೆಂದರೆ ಹಳೆಯ ರೂಟರ್‌ಗಳು ವೇಗವಾಗಿ ಓಡುವುದು ವಿಶೇಷ ಚಿಪ್ಪಿನ ಅಡ್ಡದಾರಿಯಿಂದ. ಸಾಲು ನೋಡಿಕೊಳ್ಳುವ ಕೆಲಸ ಕೊಟ್ಟರೆ ಪ್ರತಿ ಪೊಟ್ಟಣವೂ ಬಡಪಾಯಿ ಪ್ರೊಸೆಸರ್ ಕೈಗೆ ಬರುತ್ತದೆ. ಅದಕ್ಕೆ ಸುಸ್ತು. ಹಾಕಿದ ಮೇಲೆ ಮತ್ತೆ ಅಳೆಯಿರಿ.

ಲೆಕ್ಕದಪುಸ್ತಕ

ನಿಮ್ಮ ಎಚ್ಚರಿಕೆ ನಿಜವಾಯಿತು. ನನ್ನ ರೂಟರ್‌ನಲ್ಲಿ ಅದು ಕ್ಯೂಓಎಸ್ ಎಂಬ, ಯಾವ ಸರಕು ಮೊದಲು ಹೋಗಬೇಕು ಎಂದು ಹೇಳುವ ಪುಟದಲ್ಲಿತ್ತು. ಎರಡೂ ಕಡೆ ಅಂಕಿ ತುಂಬಿದೆ, ಕೇಬಲ್‌ನಲ್ಲೇ 160ಕ್ಕೆ ಇಳಿಯಿತು. ಡೌನ್‌ಲೋಡ್ ಮಿತಿ ತೆಗೆದು ಅಪ್‌ಲೋಡ್ 27 ಮಾತ್ರ ಇಟ್ಟೆ. ನಿನ್ನೆ ರಾತ್ರಿ ಆ ಫೋನ್ ಬ್ಯಾಕಪ್ ಮಾಡುತ್ತಿರುವಾಗಲೇ 9:22ಕ್ಕೆ 262, ಓಡುವಾಗಿನ ಪಿಂಗ್ 31. ಮೊದಲಿನ 284 ಬರಲಿಲ್ಲ, ಪರವಾಗಿಲ್ಲ. ಮೊಮ್ಮಗಳು ಇಪ್ಪತ್ತು ನಿಮಿಷ ಮಾತಾಡಿದಳು, ಒಂದು ಸಲವೂ ನಿಲ್ಲಲಿಲ್ಲ. ನಾನೇ ಸುಸ್ತಾಗಿ "ನಾಳೆ ಮಾತಾಡೋಣ" ಎಂದೆ.

ಒಂದು ಸಾಲು ಮಾತ್ರ ಉಳಿದಿದೆ. ಎರಡು ಬೇರೆ ಟೆಸ್ಟ್ ಪುಟಗಳಲ್ಲಿ ಒಂದೇ ಹೊತ್ತಿಗೆ ಒಂದು 285 ತೋರಿಸುತ್ತದೆ, ಇನ್ನೊಂದು 190. ಅದೂ ಕೇಬಲ್‌ನಲ್ಲಿ, ವೈಫೈ ಆರಿಸಿ. ಎಲ್ಲ ತಂತಿಯೂ ಹೊಸದು.

ತಾಮ್ರದತಂತಿ

ಅದು ತಪ್ಪಲ್ಲ, ಅಳೆಯುವ ರೀತಿ ಬೇರೆ. ಒಂದು ಪುಟ ಏಕಕಾಲಕ್ಕೆ ಹಲವು ಸಂಪರ್ಕ ತೆರೆದು ಎಲ್ಲ ಕೂಡಿಸುತ್ತದೆ. ಇನ್ನೊಂದು ಒಂದೇ ಸಂಪರ್ಕದಲ್ಲಿ ಅಳೆಯುತ್ತದೆ. ಒಂದೇ ಸಂಪರ್ಕವಾದರೆ ಸರ್ವರ್ ಎಷ್ಟು ದೂರ ಎನ್ನುವುದು ಜಾಸ್ತಿ ಲೆಕ್ಕಕ್ಕೆ ಬರುತ್ತದೆ, ರಸೀದಿ ಬರುವವರೆಗೆ ಕಾಯಬೇಕಲ್ಲ. ಉದಾಹರಣೆಗೆ ರಸೀದಿ ಇಲ್ಲದೆ 64 ಕಿಲೋಬೈಟ್ ಮಾತ್ರ ಕಳಿಸಬಹುದು, ಹೋಗಿ ಬರಲು 20 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಪ್ಲಾನ್ ಎಷ್ಟೇ ಇರಲಿ, 26 ಎಂಬಿಪಿಎಸ್ ದಾಟುವುದಿಲ್ಲ. ಈಗಿನ ಕಂಪ್ಯೂಟರ್‌ಗಳು ಅದಕ್ಕಿಂತ ತುಂಬ ಜಾಸ್ತಿ ಬಿಡುತ್ತವೆ, ಆದರೆ ತತ್ವ ಅದೇ. ಪ್ಲಾನ್ ಸರಿಯಾಗಿ ಸಿಗುತ್ತಿದೆಯೇ ಎಂದು ನೋಡಲು ಹಲವು ಸಂಪರ್ಕದ್ದು ನೋಡಿ. ಒಂದೇ ದೊಡ್ಡ ಫೈಲ್ ಇಳಿಸುವಾಗ ಹೇಗಿರುತ್ತದೆ ಎಂದು ತಿಳಿಯಲು ಇನ್ನೊಂದು.

ಆ ಹಳೇ ಕೇಬಲ್ ಬಿಸಾಡಿದಿರಾ? ಮನೆಯಲ್ಲಿಟ್ಟರೆ ಯಾರಾದರೂ ಮತ್ತೆ ಚುಚ್ಚುತ್ತಾರೆ.

ಲೆಕ್ಕದಪುಸ್ತಕ

190ರ ಮುಂದೆ "ಒಂದೇ ಸಂಪರ್ಕ" ಎಂದು ಷರಾ ಬರೆದೆ. ಪುಟದ ಕೆಳಗೆ ಗೆರೆ ಎಳೆದು ಸಹಿ ಹಾಕಿದ್ದೇನೆ.

ಕೇಬಲ್ ಬಿಸಾಡಲು ಮನಸ್ಸು ಬರಲಿಲ್ಲ. ಸುತ್ತಿ, ದಾರ ಕಟ್ಟಿ, ರಟ್ಟಿನ ಚೀಟಿ ಮೇಲೆ ಕೆಂಪು ಶಾಯಿಯಲ್ಲಿ 94 ಎಂದು ಬರೆದು ಬೀರುವಿನ ಮೇಲೆ ಇಟ್ಟಿದ್ದೇನೆ. ನಮ್ಮ ಮನೆಯವಳು ಅದು ಏನೋ ಬಾಕಿ ಮೊತ್ತ ಎಂದುಕೊಂಡಿದ್ದಾಳೆ.